ತಾಳ ತಪ್ಪಿದ ಹೃದಯ: ರಕ್ತ ತೆಳುವಾಗಿಸುವ ಮಾತ್ರೆ ಬೇಕೇ, ಬೇಡವೇ?

ಕಳೆದ ಆದಿತ್ಯವಾರ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: “ಮಂಗಳೂರಿನ ಡಾಕ್ಟ್ರು ರಕ್ತ ತೆಳು ಮಾಡುವ ಮಾತ್ರೆ ಬರೆದು ಕೊಟ್ಟಿದ್ದಾರೆ. ಅದು ಇಲಿಪಾಷಾಣವಂತೆ, ಹೌದಾ ಮಾರಾಯ್ರೆ? ತೆಗೆದುಕೊಳ್ಳುವುದಾ, ಬಿಡುವುದಾ?” ಚೀಟಿ ಅವರ ಅಂಗಿಯ ಕಿಸೆಯಲ್ಲಿ ಮಡಚಿದ ಹಾಗೆಯೇ ಇತ್ತು. ಬರೆದುಕೊಟ್ಟು ಇಪ್ಪತ್ತು ದಿನ ಕಳೆದಿತ್ತು. ಮಾತ್ರೆ ಇನ್ನೂ ತಂದಿರಲಿಲ್ಲ.

ಅವರಿಗೆ ಅಂಗಳದಲ್ಲಿ ನಿಂತು ಕೊಟ್ಟ ಉತ್ತರ ಅರ್ಧ ಉತ್ತರ. ಉಳಿದರ್ಧವನ್ನು ಈ ಅಂಕಣದಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ನಮ್ಮ ಇನ್ನೂ ಕೆಲವು ಮನೆಗಳಲ್ಲಿ ಕಿಸೆಯೊಳಗೆ ಮಡಚಿ ಕುಳಿತಿರಬಹುದು.

ಈ ವಿಷಯವನ್ನು ನಾವು ಪುಸ್ತಕದಿಂದ ಮಾತ್ರ ತಿಳಿದವರಲ್ಲ. ನಮ್ಮ ದೊಡ್ಡಪ್ಪನಿಗೆ 68ನೇ ವಯಸ್ಸಿನಲ್ಲಿ ಹೃದಯದ ಬಡಿತ ಸರಿಯಿಲ್ಲವೆಂದು ಗೊತ್ತಾಗಿ ವಾರ್ಫರಿನ್ ಎಂಬ ಮಾತ್ರೆ ಆರಂಭಿಸಿದ್ದರು. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದರು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿಯ ಗಡಿ ಮುಚ್ಚಿತು. ಪರೀಕ್ಷೆ ನಿಂತಿತು, ಅದರ ಹಿಂದೆಯೇ ಮಾತ್ರೆಯೂ ನಿಂತಿತು. ದಾರಿ ತೆರೆದ ಮೇಲೆ ದೊಡ್ಡಪ್ಪ ಹೇಳಿದ್ದು: “ಇಷ್ಟು ತಿಂಗಳು ಮಾತ್ರೆ ಇಲ್ಲದೆ ನನಗೆ ಎಂತ ಆಯಿತು? ಏನೂ ಆಗಲಿಲ್ಲವಲ್ಲ.” ಅಡಿಕೆ ಸುಲಿಯುವಲ್ಲಿ ಯಾರೋ ಅದು ಇಲಿಗೆ ಇಡುವ ವಿಷವೆಂದು ಹೇಳಿದ್ದೂ ಸೇರಿತು. ಮರುವರ್ಷ ಒಂದು ಬೆಳಿಗ್ಗೆ ಅವರ ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಆಮೇಲೆ ಮೂರು ವರ್ಷ ಮಂಚದಲ್ಲೇ ಇದ್ದರು. ದೊಡ್ಡಮ್ಮನೂ ಅವರೊಂದಿಗೆ ಮೂರು ವರ್ಷ ಆ ಕೋಣೆಯಲ್ಲೇ ಕಳೆದರು. ದೊಡ್ಡಪ್ಪನನ್ನು ನಾವು ದೂರುವುದಿಲ್ಲ. “ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಆ ಒಂದು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ನಿಂತ ನೀರಿನ ಕಥೆ

ಸರಿಯಾದ ಹೃದಯದಲ್ಲಿ ಮೇಲಿನ ಎರಡು ಕೋಣೆಗಳು ಮೊದಲು ಒತ್ತಿ, ಕೆಳಗಿನ ಎರಡು ಕೋಣೆಗಳು ಅನಂತರ ಒತ್ತಿ, ರಕ್ತ ಒಂದೇ ತಾಳದಲ್ಲಿ ಹರಿಯುತ್ತದೆ. ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ತೊಂದರೆಯಲ್ಲಿ ಮೇಲಿನ ಕೋಣೆಗಳು ಒತ್ತುವುದನ್ನು ಬಿಟ್ಟು ಬರಿದೇ ನಡುಗುತ್ತವೆ. ಗಾಳಿ ಎಳೆದ ಪಂಪಿನ ಹಾಗೆ ಒಮ್ಮೆ ಬೇಗ, ಒಮ್ಮೆ ನಿಧಾನ. ಕೆಲವರಿಗೆ ಎದೆ ಡವಗುಟ್ಟುತ್ತದೆ, ಏರು ಹತ್ತುವಾಗ ಉಸಿರು ಸಾಲದು. ಕೆಲವರಿಗೆ ಏನೂ ತಿಳಿಯುವುದಿಲ್ಲ.

ತೋಟದ ಕಣಿಯಲ್ಲಿ ಹರಿಯುವ ನೀರು ತಿಳಿಯಾಗಿರುತ್ತದೆ. ಮೂಲೆಯಲ್ಲಿ ನಿಂತ ನೀರು ಪಾಚಿ ಕಟ್ಟುತ್ತದೆ. ಹಾಗೆಯೇ ನಡುಗುವ ಕೋಣೆಯ ಎಡಬದಿಯಲ್ಲಿರುವ ಒಂದು ಸಣ್ಣ ಚೀಲದಂತಹ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಈ ತೊಂದರೆ ಇರುವವರಿಗೆ ಲಕ್ವದ ಸಂಭವ ಇಲ್ಲದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಹೀಗೆ ಬರುವ ಲಕ್ವ ಸಾಮಾನ್ಯವಾಗಿ ಬಲವಾದದ್ದೇ.

ಇದನ್ನು ಮೊದಲು ಕಂಡುಹಿಡಿಯಲು ಯಂತ್ರ ಬೇಕಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡಿ, ಒಂದು ಪೂರ್ತಿ ನಿಮಿಷ ನಾಡಿ ಎಣಿಸಿರಿ. ತಾಳವೇ ಸಿಗದಂತೆ ಹಿಂದುಮುಂದಾಗಿ ಬಡಿಯುತ್ತಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಇಸಿಜಿ ತೆಗೆಸಿರಿ. 65 ದಾಟಿದ ಎಲ್ಲರ ನಾಡಿಯನ್ನೂ ಮನೆಯವರು ಆಗಾಗ ಹಿಡಿದು ನೋಡುವುದು ಒಳ್ಳೆಯದು.

ಕೊಳೆರೋಗಕ್ಕೆ ಮದ್ದು ಬಿಡುವುದು ಯಾವಾಗ?

“ನನಗೆ ಏನೂ ಆಗಿಲ್ಲವಲ್ಲ, ಮಾತ್ರೆ ಏಕೆ?” ಎಂಬುದೇ ನಮ್ಮವರ ಮೊದಲ ಮಾತು. ಅಡಿಕೆ ಕೃಷಿಕರಾದ ನಮಗೆ ಈ ಮಾತು ಒಪ್ಪುವುದಿಲ್ಲ. ಬೋರ್ಡೋ ದ್ರಾವಣವನ್ನು ನಾವು ಯಾವಾಗ ಬಿಡುತ್ತೇವೆ? ಕಾಯಿ ಉದುರಿದ ಮೇಲೋ, ಮಳೆ ಹಿಡಿಯುವ ಮೊದಲೋ? ಹೋದ ವರ್ಷ ಕೊಳೆರೋಗ ಬರಲಿಲ್ಲವೆಂದು ಈ ವರ್ಷ ಮದ್ದು ಬೇಡ ಎನ್ನುವ ಕೃಷಿಕ ನಮ್ಮ ಊರಲ್ಲಿ ಸಿಗಲಿಕ್ಕಿಲ್ಲ. ಹೋದ ವರ್ಷ ಬಾರದೆ ಇದ್ದದ್ದೇ ಮದ್ದು ಬಿಟ್ಟ ಕಾರಣಕ್ಕೆ ಎಂದು ನಮಗೆ ಗೊತ್ತು. ರಕ್ತ ತೆಳುವಾಗಿಸುವ ಮಾತ್ರೆಯೂ ಅದೇ ಜಾತಿಯದು. ಎದೆಬಡಿತವನ್ನು ಅದು ಸರಿಮಾಡುವುದಿಲ್ಲ, ಸುಸ್ತನ್ನು ಇಳಿಸುವುದಿಲ್ಲ, ನುಂಗಿದವರಿಗೆ ಯಾವ ಹಿತವೂ ತೋರುವುದಿಲ್ಲ. ಮುಂದೆ ಬರಬಹುದಾದ ಒಂದು ಕೆಡುಕನ್ನು ತಡೆಯುವುದೊಂದೇ ಅದರ ಕೆಲಸ.

ಎಲ್ಲ ತೋಟಕ್ಕೂ ಅಪಾಯ ಒಂದೇ ಅಲ್ಲದಂತೆ ಎಲ್ಲ ಹೃದಯಕ್ಕೂ ಒಂದೇ ಅಲ್ಲ. ಅದಕ್ಕಾಗಿ ವೈದ್ಯರು ಅಂಕ ಕೂಡಿಸುತ್ತಾರೆ. ಬಿ.ಪಿ.ಗೆ 1, ಸಕ್ಕರೆ ಕಾಯಿಲೆಗೆ 1, ಹೃದಯ ದುರ್ಬಲವಾಗಿದ್ದರೆ 1, ಹೃದಯಾಘಾತ ಅಥವಾ ಕಾಲಿನ ರಕ್ತನಾಳ ಕಟ್ಟಿದ್ದರೆ 1, ವಯಸ್ಸು 65ರಿಂದ 74 ಆಗಿದ್ದರೆ 1, 75 ದಾಟಿದ್ದರೆ 2, ಹಿಂದೆ ಲಕ್ವ ಅಥವಾ ಬಂದು ಕೂಡಲೇ ಹೋದ ಸಣ್ಣ ಲಕ್ವ ಆಗಿದ್ದರೆ 2. ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ ಒಟ್ಟು 2 ಅಥವಾ ಹೆಚ್ಚಾದರೆ ಮಾತ್ರೆ ಬೇಕು. 1 ಆದರೆ ಯೋಚಿಸಿ ತೀರ್ಮಾನಿಸಬೇಕು. ಅಂಕವೇ ಇಲ್ಲದ ಎಳೆಯರಿಗೆ ಸಾಮಾನ್ಯವಾಗಿ ಅಗತ್ಯವಿಲ್ಲ.

“ಹಾಗಾದರೆ ಆಸ್ಪಿರಿನ್ ಸಾಲದೇ? ಅದು ಸಣ್ಣ ಮಾತ್ರೆ, ಅಪಾಯ ಕಡಿಮೆ” ಎನ್ನುವವರಿದ್ದಾರೆ. ವಾರ್ಫರಿನ್ ತೆಗೆದುಕೊಳ್ಳಲಾಗದ ಸುಮಾರು 5,600 ರೋಗಿಗಳಲ್ಲಿ ಆಸ್ಪಿರಿನ್ ಮತ್ತು ಎಪಿಕ್ಸಬಾನ್ ಎಂಬ ಹೊಸ ಮಾತ್ರೆಯನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರ ಲೆಕ್ಕವನ್ನು ನಮ್ಮ ಭಾಷೆಗೆ ತಂದರೆ ಹೀಗೆ: ಆಸ್ಪಿರಿನ್ ನುಂಗಿದ 1000 ಮಂದಿಯಲ್ಲಿ ವರ್ಷಕ್ಕೆ 37 ಮಂದಿಗೆ ಲಕ್ವ ಅಥವಾ ಅಂಥದೇ ಹೆಪ್ಪಿನ ತೊಂದರೆ. ಎಪಿಕ್ಸಬಾನ್ ನುಂಗಿದ 1000 ಮಂದಿಯಲ್ಲಿ 16 ಮಂದಿಗೆ. ದೊಡ್ಡ ರಕ್ತಸ್ರಾವ ಆದದ್ದು ಆಸ್ಪಿರಿನ್‌ನಲ್ಲಿ 12 ಮಂದಿಗೆ, ಎಪಿಕ್ಸಬಾನ್‌ನಲ್ಲಿ 14 ಮಂದಿಗೆ. ಆಸ್ಪಿರಿನ್ ರಕ್ತ ಸುರಿಸುವುದರಲ್ಲಿ ಹೆಚ್ಚು ಹಿಂದಿಲ್ಲ, ಲಕ್ವ ತಡೆಯುವುದರಲ್ಲಿ ಬಹಳ ಹಿಂದಿದೆ. ಬೇರೆ ಕಾರಣಕ್ಕೆ ವೈದ್ಯರೇ ಬರೆದಿದ್ದರೆ ಮಾತು ಬೇರೆ.

ಇಲಿಪಾಷಾಣದ ಮಾತು

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಅವರು ಕೇಳಿದ್ದು ಸುಳ್ಳಲ್ಲ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ರೈತರ ದನಗಳು ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಅದಕ್ಕೆ ಕಾರಣವೆಂದು ಪಶುವೈದ್ಯರು ಕಂಡುಕೊಂಡರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ಒಬ್ಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ಅದೇ ಮೇವನ್ನು ಗಾಡಿಯಲ್ಲಿ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ದುಡಿದು ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸಿದರು. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಮದ್ದಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ರೈತನೊಬ್ಬನ ಹಟ್ಟಿಯಿಂದ ಹೊರಟ ಮದ್ದು ಇದು.

ತೆಂಗಿನ ಮಂಡೆಯಲ್ಲಿ ಇಲಿಗೆಂದು ನಾವು ಇಡುವ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆಯೂ ಅದೇ ಬಳಗಕ್ಕೆ ಸೇರಿದ್ದು. ಆದರೆ ವಿಷ, ಮದ್ದು ಎಂಬ ಹೆಸರು ಪ್ರಮಾಣದಿಂದ ಬರುತ್ತದೆ. ಮೈಲುತುತ್ತು ಗಿಡಕ್ಕೆ ವಿಷವೇ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿದಾಗ ಅದು ಮದ್ದು. ಹದ ತಪ್ಪಿದರೆ ಹಿಂಗಾರವೇ ಸುಡುತ್ತದೆ. ಹದ ಬಂದಿದೆಯೇ ಎಂದು ನಾವು ಉಜ್ಜಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದಿಲ್ಲವೇ? ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್‌ಆರ್ ಎಂಬ ರಕ್ತಪರೀಕ್ಷೆ ಆ ಕತ್ತಿಯ ತುದಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ವಾರ್ಫರಿನ್ ನುಂಗುತ್ತಾ ಪರೀಕ್ಷೆ ಬಿಡುವುದು ಅಪಾಯ. ಪರೀಕ್ಷೆ ಕಷ್ಟವೆಂದು ಮಾತ್ರೆಯನ್ನೇ ಬಿಡುವುದು ಅದಕ್ಕೂ ದೊಡ್ಡ ಅಪಾಯವಾಗಬಹುದು. ಬಸಳೆ, ಹರಿವೆ, ನುಗ್ಗೆಸೊಪ್ಪು ವರ್ಜ್ಯವಲ್ಲ. ಒಂದು ವಾರ ದಿನವೂ, ಇನ್ನೊಂದು ವಾರ ಸ್ವಲ್ಪವೂ ಇಲ್ಲ ಎಂಬಂತೆ ಮಾಡದೆ ಒಂದೇ ಹದದಲ್ಲಿ ತಿನ್ನಬೇಕು.

ಕತ್ತಿ ಹಿಡಿಯುವ ಕೈಗೆ ಈ ಮಾತ್ರೆ ಹೊಂದುತ್ತದೆಯೇ?

ಕಳೆದ ವರ್ಷ ನಮ್ಮ ತಾಯಿಗೂ ಇದೇ ತೊಂದರೆ ಕಂಡುಬಂತು. ವಯಸ್ಸು 72, ಬಿ.ಪಿ. ಇದೆ. ಅಂಕ 2. ದೊಡ್ಡಪ್ಪನ ಮಂಚ ಕಣ್ಣೆದುರಿಗಿದ್ದರೂ ತಾಯಿಯ ಭಯ ಬೇರೆಯೇ ಇತ್ತು. ಅವರು ದಿನವೂ ಹುಲ್ಲು ಕೊಯ್ಯುವವರು, ಮೆಟ್ಟುಕತ್ತಿಯಲ್ಲಿ ಮೀನು ತರಕಾರಿ ಕೊಚ್ಚುವವರು. ವೈದ್ಯರ ಮುಂದೆ ಕೇಳಿಯೇಬಿಟ್ಟರು: “ಕತ್ತಿ ತಾಗಿದರೆ ನನ್ನ ರಕ್ತ ನಿಲ್ಲುವುದೇ ಇಲ್ಲವಾ ಡಾಕ್ಟ್ರೇ?” ವೈದ್ಯರು ಪೆನ್ನು ಕೆಳಗಿಟ್ಟು ಹೇಳಿದರು: “ನಿಲ್ಲುತ್ತದೆ ಅಮ್ಮಾ. ಸ್ವಲ್ಪ ತಡವಾಗಿ ನಿಲ್ಲುತ್ತದೆ. ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ನೋಡಬೇಡಿ.” ಆ ಐದು ನಿಮಿಷದ ಮಾತು ನಮ್ಮ ಮನೆಯ ತೀರ್ಮಾನವನ್ನು ಸುಲಭ ಮಾಡಿತು. ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಎಪಿಕ್ಸಬಾನ್ ಆರಂಭಿಸಿದರು. ಬೆಳಿಗ್ಗೆ ಕಾಫಿಯ ಜೊತೆ ಒಂದು, ಸಂಜೆ ಜಪಸರ ಮುಗಿದ ಮೇಲೆ ಒಂದು. ಕೈ ಎರಡು ಬಾರಿ ಕೊಯ್ದದ್ದುಂಟು. ಎರಡೂ ಬಾರಿ ಒತ್ತಿ ಹಿಡಿದಾಗ ರಕ್ತ ನಿಂತಿದೆ.

“ಮುದುಕರು ಬೀಳುತ್ತಾರೆ, ಆದ್ದರಿಂದ ಮಾತ್ರೆ ಬೇಡ” ಎಂಬ ವಾದವನ್ನೂ ಕೇಳಿದ್ದೇವೆ. 1999ರಲ್ಲಿ ಕೆನಡಾದ ವೈದ್ಯರು ಲೆಕ್ಕ ಹಾಕಿ, ಸಾಧಾರಣ ಲಕ್ವದ ಅಪಾಯವಿರುವ ಹಿರಿಯರೊಬ್ಬರು ವರ್ಷಕ್ಕೆ ಸುಮಾರು 295 ಬಾರಿ ಬಿದ್ದರಷ್ಟೇ ವಾರ್ಫರಿನ್‌ನ ಲಾಭಕ್ಕಿಂತ ಮಿದುಳಿನ ರಕ್ತಸ್ರಾವದ ನಷ್ಟ ಹೆಚ್ಚಾದೀತೆಂದು ತೋರಿಸಿದ್ದರು. ಅದು ಅಂಗಳದಲ್ಲಿ ಎಡವಿ ಬೀಳುವವರ ಲೆಕ್ಕ. ಅಡಿಕೆ ಮರದಿಂದ ಬೀಳುವವರದ್ದಲ್ಲ! ಈ ಮಾತ್ರೆ ನುಂಗುವವರು ಮರ ಹತ್ತಲೇಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಗೊನೆ ಇಳಿಸಬಹುದು. ಕೆಲಸಕ್ಕಾಗಿ ಮಾತ್ರೆ ಬಿಡುವ ಬದಲು ಮಾತ್ರೆಗಾಗಿ ಕೆಲಸದ ಕ್ರಮ ಬದಲಿಸುವುದು ಜಾಣತನ.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಸೊಂಟನೋವು, ಮಂಡಿನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಇದರೊಂದಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯಬಹುದು. ನಾಟಿ ಕಷಾಯ, ಚೂರ್ಣ ಏನಿದ್ದರೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಬಿ.ಪಿ. ಹತೋಟಿಯಲ್ಲಿರಬೇಕು, ಸಾರಾಯಿ ದೂರವಿರಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಬರುವುದುಂಟು. ಈ ಜ್ವರಗಳಲ್ಲಿ ತಾನಾಗಿಯೇ ರಕ್ತಸ್ರಾವದ ಭಯವಿರುವುದರಿಂದ, ಜ್ವರ ಬಂದ ಮೊದಲ ದಿನವೇ “ನಾನು ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದೇನೆ” ಎಂದು ಹೇಳಬೇಕು. ಹಾವು ಕಚ್ಚಿದಾಗಲೂ, ಹಲ್ಲು ಕೀಳಿಸುವಾಗಲೂ ಹಾಗೆಯೇ. ತಲೆಗೆ ಪೆಟ್ಟು ಬಿದ್ದರೆ, ಮಲ ಡಾಮರಿನಂತೆ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಯಾವ ಮಾತ್ರೆ?

ಎಪಿಕ್ಸಬಾನ್, ರಿವರೋಕ್ಸಬಾನ್, ಡಾಬಿಗಟ್ರಾನ್ ಎಂಬ ಹೊಸ ಮಾತ್ರೆಗಳಿಗೆ ಐಎನ್‌ಆರ್ ಪರೀಕ್ಷೆ ಬೇಡ, ಸೊಪ್ಪಿನ ಲೆಕ್ಕ ಬೇಡ. ಮಿದುಳಿನ ರಕ್ತಸ್ರಾವವೂ ವಾರ್ಫರಿನ್‌ಗಿಂತ ಕಡಿಮೆ. ಹಿಂದೆ ತೀರಾ ದುಬಾರಿಯಾಗಿದ್ದವು. ಈಗ ಭಾರತದ ಕಂಪೆನಿಗಳೂ ತಯಾರಿಸುವುದರಿಂದ ಬೆಲೆ ಇಳಿದಿದೆ. ಪರೀಕ್ಷೆಗೆ ಗಡಿ ದಾಟಿ ಹೋಗಬೇಕಾದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಆದರೆ ಇವುಗಳ ಬಲ ಒಂದು ದಿನದಲ್ಲೇ ಇಳಿಯುವುದರಿಂದ ಹೊತ್ತು ತಪ್ಪಬಾರದು. ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಬೇಕು. ರಿವರೋಕ್ಸಬಾನನ್ನು ಊಟದ ಜೊತೆಗೇ ನುಂಗಬೇಕು. ತಪಸ್ಸುಕಾಲದಲ್ಲಿ ಊಟ ಬಿಡುವ ಹಿರಿಯರು ಇದನ್ನು ನೆನಪಿಡಬೇಕು. 60ನೇ ವರ್ಷಕ್ಕೆ ಕಾಲಿಟ್ಟವರಿಗೂ ರೋಗಿಗಳಿಗೂ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿಲ್ಲ. ಡಾಬಿಗಟ್ರಾನ್ ಕ್ಯಾಪ್ಸೂಲಿಗೆ ತೇವ ತಾಗಬಾರದು. ನಮ್ಮ ಆಷಾಢದ ಹವೆಯಲ್ಲಿ ಅದನ್ನು ಬೇರೆ ಡಬ್ಬಿಗೆ ಸುರಿದಿಡಬೇಡಿರಿ.

ಒಂದು ವಿಷಯದಲ್ಲಿ ಮಾತ್ರ ಹಳೆಯದೇ ಮೇಲು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾದವರು ನಮ್ಮ ನಡುವೆ ಇದ್ದಾರೆ. ಅಂಥ 4,500ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಿವರೋಕ್ಸಬಾನ್‌ಗಿಂತ ವಾರ್ಫರಿನ್ ಬಳಗದ ಮಾತ್ರೆಯಲ್ಲಿದ್ದವರಲ್ಲಿ ಸಾವು ಕಡಿಮೆಯಿತ್ತು. ಕೃತಕ ಲೋಹದ ಕವಾಟ ಹಾಕಿಸಿಕೊಂಡವರಿಗೂ ವಾರ್ಫರಿನ್ನೇ. ನೆರೆಮನೆಯವರ ಮಾತ್ರೆ ನಮಗೆ ಹೊಂದಬೇಕೆಂದಿಲ್ಲ.

ಬೇಡವೆನ್ನುವುದಾದರೂ ಗೊತ್ತಿದ್ದು ಹೇಳೋಣ

ಎಲ್ಲರೂ ನುಂಗಲೇಬೇಕೆಂದು ನಾವು ಹೇಳುವುದಿಲ್ಲ. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ, ಮಿದುಳಿನಲ್ಲಿ ರಕ್ತಸ್ರಾವ ಆದವರಿಗೆ, ಬಾಳಿನ ಕೊನೆಯ ದಿನಗಳಲ್ಲಿರುವವರಿಗೆ ಲೆಕ್ಕ ಬೇರೆಯಾಗಬಹುದು. ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ಬೇಡವೆನ್ನಲು ಧರ್ಮಸಭೆಯ ಬೋಧನೆಯಲ್ಲೂ ಅವಕಾಶವಿದೆ. ಆದರೆ ಅದು ವೈದ್ಯರೊಂದಿಗೆ ಕುಳಿತು, ಮನೆಯವರಿಗೆ ತಿಳಿಸಿ ಮಾಡಿದ ತೀರ್ಮಾನವಾಗಿರಬೇಕು. ಚೀಟಿಯನ್ನು ಕಿಸೆಯಲ್ಲಿಟ್ಟು ದಿನ ದೂಡುವುದೂ ‘ಬೇಡ’ ಎಂಬ ತೀರ್ಮಾನವೇ, ಅದನ್ನು ತೆಗೆದುಕೊಂಡವರು ಯಾರೆಂದು ಮಾತ್ರ ಗೊತ್ತಿರುವುದಿಲ್ಲ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಆದದ್ದು ಅದೇ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕು ಭಾಷೆಯದು. ಚೀಟಿ ಇಂಗ್ಲಿಷಿನಲ್ಲಿ, ಆರೋಗ್ಯ ಕೇಂದ್ರದ ಮಾತು ಮಲಯಾಳದಲ್ಲಿ, ನಮ್ಮ ಹಿರಿಯರಿಗೆ ಓದಲು ಬರುವುದು ಕನ್ನಡ. ಆದ್ದರಿಂದ ನಮ್ಮ ಸಲಹೆ ಇಷ್ಟು: ಈ ಮಾತ್ರೆಯಲ್ಲಿರುವ ಪ್ರತಿಯೊಬ್ಬರಿಗೂ ಮನೆಯ ಮಕ್ಕಳು ಒಂದು ರಟ್ಟಿನ ಮೇಲೆ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ವೈದ್ಯರ ಫೋನ್ ಸಂಖ್ಯೆ ಬರೆದು ಕೊಡಲಿ. ಒಂದು ಬದಿ ಕನ್ನಡದಲ್ಲಿರಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿರಲಿ. ಅದು ಸದಾ ಕಿಸೆಯಲ್ಲಿರಲಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಅವಕಾಶವಿದೆ. ಕೊಡಬಹುದೇ ಎಂದು ನಿರ್ಧರಿಸಲು ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಈ ಮಾತ್ರೆಯ ಪ್ರಶ್ನೆಯೂ ಒಂದು. ವಾಡೆಯ ಗುರಿಕಾರರು ಮನೆಭೇಟಿಗೆ ಹೋದಾಗ, ಪಂಚಾಯತಿನ ದಾದಿಯರು ಬಂದಾಗ ಆ ರಟ್ಟನ್ನು ಒಮ್ಮೆ ನೋಡಲಿ. “ಮಾತ್ರೆ ನುಂಗಿದಿರಾ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಪರಪ್ರೀತಿ.

ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯರ ಬಗೆಗೂ ಮದ್ದಿನ ಬಗೆಗೂ ಎಷ್ಟು ಗೌರವದಿಂದ ಮಾತನಾಡುತ್ತದೆಂಬುದನ್ನು ಇಂದು ಸಂಜೆ ಮನೆಮಂದಿಯೆಲ್ಲ ಕುಳಿತು ಓದಿರಿ. ಓದಿ ಮುಗಿಸಿ ಅಜ್ಜ ಅಜ್ಜಿಯರ ಮಣಿಕಟ್ಟು ಹಿಡಿದು ಒಂದು ನಿಮಿಷ ನಾಡಿ ಎಣಿಸಿರಿ. ಅಂಗಳದಲ್ಲಿ ಕೇಳಿದ ಆ ಹಿರಿಯರು ಮರುದಿನವೇ ಮಗನನ್ನು ಕರೆದುಕೊಂಡು ಮತ್ತೊಮ್ಮೆ ವೈದ್ಯರ ಬಳಿಗೆ ಹೋದರೆಂದು ತಿಳಿಯಿತು. ಅವರು ಏನು ತೀರ್ಮಾನಿಸಿದರೋ ನಾವು ಕೇಳಿಲ್ಲ. ಕೇಳಿ ತಿಳಿದು ತೀರ್ಮಾನಿಸಿದ್ದಾರೆ, ನಮಗೆ ಅಷ್ಟು ಸಾಕು. ದೇವರು ಅವರಿಗೂ ನಿಮ್ಮೆಲ್ಲರಿಗೂ ಆರೋಗ್ಯವನ್ನು ದಯಪಾಲಿಸಲಿ.